ಶ್ಯಾಡೋರನ್ ಐದನೇ ಆವೃತ್ತಿ: ಗೋಡೆಯ ಕ್ಯಾಮೆರಾಗೆ ವೈರ್ ಚುಚ್ಚಿದರೆ ಏನಾಗುತ್ತದೆ?

ಮೊದಲೇ ಹೇಳಿಬಿಡುತ್ತೇನೆ. ಶ್ಯಾಡೋರನ್ ಅನ್ನುವ ಆಟದ ಐದನೇ ಆವೃತ್ತಿಯ ಹ್ಯಾಕಿಂಗ್ ನಿಯಮಗಳು ನನಗೆ ತುಂಬಾ ಇಷ್ಟ. ಅವುಗಳನ್ನು ಪುಸ್ತಕದಲ್ಲಿ ಬರೆದಿರುವ ರೀತಿ ಚೂರೂ ಇಷ್ಟವಿಲ್ಲ.

"ಮೇಟ್ರಿಕ್ಸ್ ಅಧ್ಯಾಯ ಓದಿ ತಲೆ ಗಿರ್ ಅಂದಿತು, ಹ್ಯಾಕರ್ ಪಾತ್ರವೇ ಬೇಡ ಅಂತ ಕೈಬಿಟ್ಟೆವು" ಅನ್ನುವ ಗುಂಪುಗಳು ಬಹಳ. ಮೇಟ್ರಿಕ್ಸ್ ಅಂದರೆ ಆ ಲೋಕದ ಇಂಟರ್ನೆಟ್. ಈ ವಿಮರ್ಶೆ ಅವರಿಗೆ. ಇಡೀ ಆಟದ ಬಗ್ಗೆ ಬರೆಯುತ್ತಿಲ್ಲ. ಮಂತ್ರ ಮಾಟ, ಗುಂಡಿನ ಕಾಳಗ, ಗಾಡಿ ಓಡಿಸುವುದು ಎಲ್ಲ ಪಕ್ಕಕ್ಕಿಡೋಣ. ನೆಟ್‌ವರ್ಕಿಗೆ ಅಂಟಿಕೊಂಡ ಬೀಗ, ಕ್ಯಾಮೆರಾ, ಬಂದೂಕುಗಳನ್ನು ಹ್ಯಾಕ್ ಮಾಡುವ ಭಾಗ ಮಾತ್ರ ನೋಡೋಣ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಮೇಜಿನ ಸುತ್ತ ಕೂತು, ಮಾತು ಮತ್ತು ದಾಳಗಳಲ್ಲಿ ಆಡುವ ಆಟ. ಒಬ್ಬರು ಜಿಎಂ, ಅಂದರೆ ಲೋಕವನ್ನು ನಡೆಸುವವರು. ಉಳಿದವರು ಒಂದೊಂದು ಪಾತ್ರ. ಮೊದಲ ಆವೃತ್ತಿ 1989ರಲ್ಲಿ ಫಾಸಾ ಕಂಪನಿಯಿಂದ ಬಂತು. ನಾನು ಹೇಳುತ್ತಿರುವ ಐದನೆಯದು 2013ರಲ್ಲಿ ಕ್ಯಾಟಲಿಸ್ಟ್ ಗೇಮ್ ಲ್ಯಾಬ್ಸ್‌ನಿಂದ. ಕಥೆ ನಡೆಯುವುದು 2075ರ ಸುಮಾರಿಗೆ, ಮುಖ್ಯವಾಗಿ ಸಿಯಾಟಲ್‌ನಲ್ಲಿ. ದೈತ್ಯ ಕಂಪನಿಗಳು ಆಳುವ ಊರು, ಜೊತೆಗೆ ಎಲ್ಫ್, ಟ್ರೋಲ್, ಡ್ರ್ಯಾಗನ್‌ಗಳೂ ಉಂಟು. ಆಟಗಾರರು ಆ ಕಂಪನಿಗಳಿಗೆ ಕನ್ನ ಹಾಕುವ ಬಾಡಿಗೆ ಕಳ್ಳರು.

ನಾನಿರುವುದು ಸಿಯಾಟಲ್ ಪಕ್ಕದ ರೆಡ್ಮಂಡ್‌ನಲ್ಲಿ. ಹೊಟ್ಟೆಪಾಡಿಗೆ ನೆಟ್‌ವರ್ಕ್ ಕೆಲಸ. ಈ ಆಟದಲ್ಲಿ ನಮ್ಮ ರೆಡ್ಮಂಡ್ ಅಂದರೆ ಪೊಲೀಸರೂ ಕಾಲಿಡದ ಹಾಳು ಬಡಾವಣೆ, ರೆಡ್ಮಂಡ್ ಬ್ಯಾರೆನ್ಸ್. ಅದರೊಳಗೆ ಅಣುಸ್ಥಾವರ ಸಿಡಿದು ಹಾಳಾದ ಗ್ಲೋ ಸಿಟಿ ಅಂತ ಒಂದು ಜಾಗ. ಪಕ್ಕದ ಬೆಲ್ವ್ಯೂ ಮಾತ್ರ ಆಗಲೂ ದುಡ್ಡಿದ್ದವರ ಊರೇ. ಇಲ್ಲಿನ ದುಬಾರಿ ಮನೆ ಬಾಡಿಗೆ ಕಟ್ಟುವ ನಮ್ಮ ಗುಂಪಿಗೆ ಇದನ್ನು ಓದಿದಾಗಲೆಲ್ಲ ಒಂಥರಾ ಖುಷಿ.

ಈಗ ವಿಷಯಕ್ಕೆ ಬರೋಣ. ಈ ಲೋಕದಲ್ಲಿ ಎಲ್ಲವೂ ವೈರ್‌ಲೆಸ್. ಬಾಗಿಲ ಬೀಗ, ಕ್ಯಾಮೆರಾ, ಕಾವಲುಗಾರನ ಬಂದೂಕು, ಕಾಫಿ ಯಂತ್ರ, ಕಣ್ಣೊಳಗೆ ಕೂರಿಸಿದ ಕೃತಕ ಕಣ್ಣು. ಪ್ರತಿ ಸಾಧನಕ್ಕೂ ಒಂದು ಡಿವೈಸ್ ರೇಟಿಂಗ್, ಅಂದರೆ ಬಲದ ಅಂಕ, ಇರುತ್ತದೆ. ಹ್ಯಾಕರ್‌ಗೆ ಇಲ್ಲಿ ಡೆಕ್ಕರ್ ಅಂತ ಹೆಸರು, ಅವನ ಆಯುಧ ಸೈಬರ್‌ಡೆಕ್. ಒಂದು ಸಾಧನದ ಮೇಲೆ ಅಧಿಕಾರ ಬೇಕಾದರೆ ಅದರ ಮೇಲೆ ಮಾರ್ಕ್ ಹಾಕಬೇಕು. ಹೆಚ್ಚೆಂದರೆ ಮೂರು. ನಿಜವಾದ ಮಾಲೀಕನಿಗೆ ನಾಲ್ಕು ಮಾರ್ಕ್ ಇದ್ದ ಲೆಕ್ಕ. ಕದ್ದು ಕೇಳಲು ಒಂದು ಮಾರ್ಕ್ ಸಾಕು. ಸಾಧನವನ್ನು ರೀಬೂಟ್ ಮಾಡಲು ಮೂರು ಬೇಕು. ದಾಳ ಮಾಮೂಲಿ ಆರು ಮುಖದ್ದು. 5 ಅಥವಾ 6 ಬಿದ್ದರೆ ಒಂದು ಹಿಟ್. ನಿಮ್ಮ ಹಿಟ್ ಎದುರಾಳಿಯದಕ್ಕಿಂತ ಜಾಸ್ತಿ ಇದ್ದರೆ ಗೆದ್ದಿರಿ.

ಮಾರ್ಕ್ ಹಾಕಲು ಎರಡು ದಾರಿ. ಸದ್ದಿಲ್ಲದೆ ನುಸುಳುವುದು ಒಂದು, ಒದ್ದು ಒಳನುಗ್ಗುವುದು ಇನ್ನೊಂದು. ನುಸುಳುವಾಗ ಸೋತರೆ ಎದುರಾಳಿ ನಿಮ್ಮ ಮೇಲೇ ಮಾರ್ಕ್ ಹಾಕುತ್ತಾನೆ. ಒದೆಯುವಾಗ ಸೋತರೆ ಒದ್ದ ಕಾಲಿಗೇ ಪೆಟ್ಟು, ಅಂದರೆ ನಿಮ್ಮ ಡೆಕ್‌ಗೆ. ಈ ವ್ಯತ್ಯಾಸ ನನಗೆ ಬಹಳ ಹಿಡಿಸಿತು. ಆಟಗಾರನ ಸ್ವಭಾವ ಎಂಥದ್ದು ಅಂತ ಅವನು ಆರಿಸುವ ದಾರಿಯಲ್ಲೇ ಗೊತ್ತಾಗಿಬಿಡುತ್ತದೆ.

ಇಷ್ಟಾದರೆ ಯಾರಿಗೂ ಕಷ್ಟ ಅನ್ನಿಸುವುದಿಲ್ಲ. ಗಂಟು ಇರುವುದು ಮುಂದಿನದರಲ್ಲಿ. ಸಾಧನಗಳು ಒಂಟಿಯಾಗಿ ಇರುವುದಿಲ್ಲ, ಯಾರದೋ ಕೈಕೆಳಗೆ ಇರುತ್ತವೆ. ನಿಮ್ಮ ಬಂದೂಕು, ಕನ್ನಡಕ, ಇಯರ್‌ಬಡ್ ಎಲ್ಲ ನಿಮ್ಮ ಕಾಮ್‌ಲಿಂಕ್‌ಗೆ ಸ್ಲೇವ್. ಕಾಮ್‌ಲಿಂಕ್ ಅಂದರೆ ಆ ಕಾಲದ ಮೊಬೈಲ್. ಇದು ಪ್ಯಾನ್. ಕಾಮ್‌ಲಿಂಕ್‌ನ ರೇಟಿಂಗ್ ಎಷ್ಟೋ ಅದರ ಮೂರರಷ್ಟು ಸಾಧನಗಳನ್ನು ಅದು ಸಾಕಬಲ್ಲದು. ಕಂಪನಿಯ ಕಟ್ಟಡದಲ್ಲಿ ಬೀಗ, ಕ್ಯಾಮೆರಾಗಳೆಲ್ಲ ಹೋಸ್ಟ್ ಅನ್ನುವ ದೊಡ್ಡ ಸರ್ವರ್‌ಗೆ ಸ್ಲೇವ್. ಅದು ವ್ಯಾನ್. ಸ್ಲೇವ್ ಮೇಲೆ ದಾಳಿ ಆದಾಗ ಅದು ತನ್ನ ರೇಟಿಂಗ್ ಬದಲು ಯಜಮಾನನ ರೇಟಿಂಗ್ ಹಿಡಿದು ಕಾಪಾಡಿಕೊಳ್ಳಬಹುದು. ದೊಡ್ಡವರ ಹೆಸರು ಹೇಳಿಕೊಂಡು ಬದುಕುವ ಚಿಕ್ಕವರು.

ಆದರೆ ಇದಕ್ಕೆ ಎರಡು ತೂತು ಇಟ್ಟಿದ್ದಾರೆ. ವೈರ್ ಚುಚ್ಚಿ ನೇರವಾಗಿ ಸಂಪರ್ಕ ಮಾಡಿದರೆ ಯಜಮಾನನ ರಕ್ಷಣೆ ಇಲ್ಲ, ಸಾಧನ ತನ್ನ ಬಲದಲ್ಲೇ ನಿಲ್ಲಬೇಕು. ಎರಡನೆಯದು, ಸ್ಲೇವ್ ಮೇಲೆ ಮಾರ್ಕ್ ಬಿದ್ದರೆ ಯಜಮಾನನ ಮೇಲೂ ಒಂದು ಮಾರ್ಕ್ ಬೀಳುತ್ತದೆ. ಮತ್ತೆ ಹೋಸ್ಟ್ ಒಳಗೆ ಹೊಕ್ಕವನು ಆ ವ್ಯಾನ್‌ನ ಎಲ್ಲ ಸಾಧನಗಳಿಗೂ ವೈರ್ ಚುಚ್ಚಿದ ಹಾಗೇ ಲೆಕ್ಕ.

ಈ ವಾಕ್ಯಗಳೇ ಇಡೀ ಅಧ್ಯಾಯದ ಜೀವ. ಪುಸ್ತಕದಲ್ಲಿ ಇವಕ್ಕೆ ದಪ್ಪ ಅಕ್ಷರವಿಲ್ಲ, ಉದಾಹರಣೆಯಿಲ್ಲ. ಪ್ಯಾನ್, ವ್ಯಾನ್ ಅಂದರೇನು ಅಂತ ವಿವರಿಸುವ ಪ್ಯಾರಾಗಳ ಮಧ್ಯೆ ಹಾಗೇ ಹೋಗಿಬಿಡುತ್ತವೆ. ಕಣ್ಣು ಒಂದು ಸಾಲು ಜಾರಿದರೆ ಮುಗಿಯಿತು, ನಿಮ್ಮ ಡೆಕ್ಕರ್ ವರ್ಷಗಟ್ಟಲೆ ಹೋಸ್ಟ್‌ನ ಮುಂಬಾಗಿಲಿಗೇ ತಲೆ ಚಚ್ಚಿಕೊಳ್ಳುತ್ತಿರುತ್ತಾನೆ.

ಲೆಕ್ಕ ಹಾಕಿ ತೋರಿಸುತ್ತೇನೆ. ನಮ್ಮ ಡೆಕ್ಕರ್‌ನ ಅಡ್ಡಹೆಸರು ಗೂಬೆ. ಅವನ ಲಾಜಿಕ್ 6, ಹ್ಯಾಕಿಂಗ್ 6. ಹನ್ನೆರಡು ದಾಳ, ಸರಾಸರಿ ನಾಲ್ಕು ಹಿಟ್. ಎದುರಿಗೆ ಒಂದು ಗೋದಾಮು, ಅದರ ಹೋಸ್ಟ್‌ನ ರೇಟಿಂಗ್ 6, ಫೈರ್‌ವಾಲ್ (ದಾಳಿ ತಡೆಯುವ ಬಲ) 8 ಅಂತ ನಾನು ಇಟ್ಟಿದ್ದೆ. ಹಿಂಬಾಗಿಲ ಮೇಲೆ ರೇಟಿಂಗ್ 2ರ ಒಂದು ಅಗ್ಗದ ಕ್ಯಾಮೆರಾ. ಗೂಬೆ ರಸ್ತೆಯಾಚೆ ಗಾಡಿಯಲ್ಲಿ ಕೂತು ವೈರ್‌ಲೆಸ್‌ನಲ್ಲಿ ಆ ಕ್ಯಾಮೆರಾ ಮುಟ್ಟಿದರೆ ಏನಾಗುತ್ತದೆ? ಕ್ಯಾಮೆರಾ ಹೋಸ್ಟ್‌ನ ಹೆಸರಿನಲ್ಲಿ ತಡೆಯುತ್ತದೆ. ರೇಟಿಂಗ್ ಆರು ಮತ್ತು ಫೈರ್‌ವಾಲ್ ಎಂಟು, ಹದಿನಾಲ್ಕು ದಾಳ. ಸರಾಸರಿ ನಾಲ್ಕೂವರೆಗಿಂತ ಜಾಸ್ತಿ ಹಿಟ್. ಗೂಬೆ ಸೋಲುವ ಸಾಧ್ಯತೆಯೇ ಹೆಚ್ಚು. ಗಾಡಿ ನೂರು ಮೀಟರ್ ದಾಟಿ ನಿಂತಿದ್ದರೆ ನಾಯ್ಸ್ (ದೂರದಿಂದ ಸಿಗ್ನಲ್ ಮಂಕಾಗುವುದು) ಅಂತ ಗೂಬೆಯ ಒಂದು ದಾಳವೂ ಹೋಯಿತು.

ಅದೇ ಗೂಬೆ ಗಾಡಿಯಿಂದಿಳಿದು, ಟ್ರೋಲ್‌ನ ಹೆಗಲೇರಿ, ಕ್ಯಾಮೆರಾದ ಹಿಂದೆ ವೈರ್ ಚುಚ್ಚಿದರೆ? ಈಗ ಕ್ಯಾಮೆರಾ ಒಂಟಿ. ರೇಟಿಂಗ್ ಎರಡು, ಫೈರ್‌ವಾಲೂ ಎರಡೇ, ಒಟ್ಟು ನಾಲ್ಕೇ ದಾಳ. ಹೆಚ್ಚುಕಮ್ಮಿ ಒಂದು ಹಿಟ್. ನಾಯ್ಸ್ ಕೂಡ ಇಲ್ಲ. ಗೂಬೆ ಸಲೀಸಾಗಿ ಮಾರ್ಕ್ ಹಾಕುತ್ತಾನೆ. ಆ ಮಾರ್ಕ್ ಹೋಸ್ಟ್ ಮೇಲೂ ಬೀಳುತ್ತದೆ. ಹೋಸ್ಟ್ ಒಳಗೆ ಕಾಲಿಡಲು ಬೇಕಿರುವುದು ಒಂದೇ ಮಾರ್ಕ್. ಒಳಗೆ ಹೋದ ಮೇಲೆ ಕಟ್ಟಡದ ಉಳಿದ ಬೀಗ, ಕ್ಯಾಮೆರಾಗಳೆಲ್ಲ ಅವನ ಕೈಗೆ ನಾಲ್ಕೈದು ದಾಳದ ಆಟಿಕೆಗಳು.

ಮೇಜಿನ ಸುತ್ತ ಇದು ಮಾಡುವ ಮೋಡಿ ನೋಡಬೇಕು. ಹಳೆಯ ಸೈಬರ್‌ಪಂಕ್ ಆಟಗಳ ದೊಡ್ಡ ರೋಗ ಏನು ಗೊತ್ತಲ್ವಾ? ಹ್ಯಾಕರ್ ಒಬ್ಬನೇ ತನ್ನ ಲೋಕದಲ್ಲಿ ಅರ್ಧ ಗಂಟೆ ಆಡುತ್ತಾನೆ, ಉಳಿದವರು ಎದ್ದು ಪಿಜ್ಜಾ ತರಲು ಹೋಗುತ್ತಾರೆ. ಇಲ್ಲಿ ಹಾಗಾಗುವುದಿಲ್ಲ. ಕ್ಯಾಮೆರಾ ತನಕ ಗೂಬೆಯನ್ನು ಎತ್ತಿಕೊಂಡು ಹೋಗಲು ಟ್ರೋಲ್ ಬೇಕು. ಕಾವಲುಗಾರನನ್ನು ಮಾತಿನಲ್ಲಿ ಕಟ್ಟಿಹಾಕಲು ಎಲ್ಫ್ ಬೇಕು. ಹ್ಯಾಕಿಂಗ್ ಗುಂಪಿನ ಕೆಲಸವಾಗುತ್ತದೆ. ನಿಯಮ ಬರೆದವರು ಇದನ್ನು ಯೋಚಿಸಿಯೇ ಮಾಡಿದ್ದಾರೆ ಅಂತ ನನ್ನ ನಂಬಿಕೆ. ಒಂದು ಹೋಸ್ಟ್‌ಗೆ ಎಷ್ಟು ಸಾಧನ ಬೇಕಾದರೂ ಕಟ್ಟಬಹುದು, ಆದರೆ ಈ ನೇರ ಸಂಪರ್ಕದ ಕಾಟದಿಂದ ಕಾವಲು ಹಾಕಲು ಆಗುವಷ್ಟನ್ನೇ ಕಟ್ಟುತ್ತಾರೆ ಅಂತ ಪುಸ್ತಕವೇ ಹೇಳುತ್ತದೆ.

ನನ್ನ ಕೆಲಸದ ಕಣ್ಣಿನಲ್ಲಿ ನೋಡಿದರೂ ಇದು ಸುಮ್ನೆ ಕಟ್ಟಿದ ಕಥೆಯಲ್ಲ. ಈ ಪುಸ್ತಕ ಬಂದ 2013ರ ಕೊನೆಯಲ್ಲೇ ಅಮೆರಿಕದ ಟಾರ್ಗೆಟ್ ಅಂಗಡಿಗಳ ಸುಮಾರು 4 ಕೋಟಿ ಕಾರ್ಡ್‌ಗಳ ವಿವರ ಕಳ್ಳರ ಪಾಲಾಯಿತು. ಅವರು ಒಳಹೊಕ್ಕಿದ್ದು ಕೂಲಿಂಗ್ ಯಂತ್ರಗಳ ಕೆಲಸ ಮಾಡುವ ಗುತ್ತಿಗೆದಾರರ ಪಾಸ್‌ವರ್ಡ್ ಕದ್ದು. 2016ರಲ್ಲಿ ಮಿರಾಯ್ ಬಾಟ್‌ನೆಟ್ (ಕಳ್ಳರ ಕೈವಶವಾದ ಸಾಧನಗಳ ಪಡೆ) ಹಬ್ಬಿದ್ದು ಫ್ಯಾಕ್ಟರಿ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೌಟರ್‌ಗಳ ಮೇಲೆ. ದುರ್ಬಲ ಸಾಧನ ಹಿಡಿದು ದೊಡ್ಡ ಜಾಲದೊಳಗೆ ಹೋಗು, ಒಳಗೆ ಹೋದ ಮೇಲೆ ತಡೆಯುವವರಿಲ್ಲ. ನೆಟ್‌ವರ್ಕನ್ನು ತುಂಡು ತುಂಡಾಗಿ ಬೇರೆಯಿಡಿ ಅಂತ ನಾವು ಮೀಟಿಂಗ್‌ನಲ್ಲಿ ಬಡಕೊಳ್ಳುವುದು ಇದಕ್ಕೇ. ಆಟದ ನಿಯಮದಲ್ಲಿ ಆ ಮಾತು ಸೊಗಸಾಗಿ ಕೂತಿದೆ.

ಇನ್ನು ಜಗಳ ಎಲ್ಲಿ ಬರುತ್ತದೆ ಅಂತ ಹೇಳುತ್ತೇನೆ. ಕಾವಲುಗಾರನ ಬಂದೂಕು. ಅದು ಅವನ ಸ್ವಂತ ಕಾಮ್‌ಲಿಂಕ್‌ಗೆ ಸ್ಲೇವೋ, ಕಟ್ಟಡದ ಹೋಸ್ಟ್‌ಗೋ? ಇದನ್ನು ಜಿಎಂ ತೀರ್ಮಾನಿಸಬೇಕು. ಇದರ ಮೇಲೆ ಇಡೀ ರಾತ್ರಿಯ ಆಟ ನಿಂತಿರುತ್ತದೆ. ಹೋಸ್ಟ್‌ಗೆ ಕಟ್ಟಿದರೆ ಹೊರಗಿನಿಂದ ಬಂದೂಕು ಭದ್ರ. ಆದರೆ ಡೆಕ್ಕರ್ ಹೋಸ್ಟ್ ಒಳಗಿದ್ದರೆ ಕಟ್ಟಡದ ಅಷ್ಟೂ ಬಂದೂಕು ಅವನ ಮುಂದೆ ಬತ್ತಲೆ. ಒಂದೇ ಒಂದು ಮಾರ್ಕ್ ಇದ್ದರೆ ಸ್ಮಾರ್ಟ್‌ಗನ್‌ನ (ಗುರಿ ಹಿಡಿಯಲು ತಾನೇ ನೆರವಾಗುವ ಬಂದೂಕು) ಮ್ಯಾಗಜೀನ್ ಕಳಚಿ ನೆಲಕ್ಕೆ ಬೀಳಿಸಬಹುದು. ಕಾಮ್‌ಲಿಂಕ್‌ಗೆ ಕಟ್ಟಿದರೆ ಹೊರಗಿನ ದಾಳಿಗೆ ರಕ್ಷಣೆ ಕಡಿಮೆ, ಆದರೆ ಹಾನಿ ಒಬ್ಬ ಕಾವಲುಗಾರನಿಗೇ ನಿಲ್ಲುತ್ತದೆ.

ನಮ್ಮ ಮೇಜಿನಲ್ಲಿ ನಾನು ಹೀಗೆ ಮಾಡುತ್ತೇನೆ. ಗೋಡೆಗೆ ಅಂಟಿದ್ದೆಲ್ಲ ಹೋಸ್ಟ್‌ಗೆ, ಮೈಮೇಲೆ ಇರುವುದೆಲ್ಲ ಅವರವರ ಕಾಮ್‌ಲಿಂಕ್‌ಗೆ. ದುಡ್ಡಿರುವ ಕಂಪನಿ ಕಾವಲುಗಾರರಿಗೆ ಒಳ್ಳೆಯ ಕಾಮ್‌ಲಿಂಕ್ ಕೊಟ್ಟಿರುತ್ತದೆ, ಬಡ ಗೋದಾಮು ಕೊಟ್ಟಿರುವುದಿಲ್ಲ. ಇಷ್ಟು ಗೊತ್ತಿದ್ದರೆ ಆಟಗಾರರು ಮೊದಲೇ ಉಪಾಯ ಹೂಡಬಹುದು. ಈ ಮಾರ್ಕ್ ನಿಯಮದಲ್ಲಿ ಇನ್ನೊಂದು ಮಜಾ ಇದೆ. ಬಂದೂಕಿನ ಮೇಲೆ ಮಾರ್ಕ್ ಹಾಕಿದರೆ ಅವನ ಕಾಮ್‌ಲಿಂಕ್ ಮೇಲೂ ಬಿತ್ತಲ್ಲ, ಆ ಒಂದು ಮಾರ್ಕ್ ಇಟ್ಟುಕೊಂಡು ಅವನ ಕರೆಗಳನ್ನು ಕದ್ದು ಕೇಳಬಹುದು. ಬಂದೂಕಿನ ದಾರಿಯಲ್ಲಿ ಫೋನ್ ಟ್ಯಾಪ್! ನಮ್ಮ ಗೂಬೆ ಇದನ್ನು ಕಂಡುಕೊಂಡ ದಿನದಿಂದ ಬಂದೂಕು ಕೆಡಿಸುವ ಗೋಜಿಗೇ ಹೋಗುವುದಿಲ್ಲ.

ಕೆಡಿಸುವುದು ಅಂದರೆ ಬ್ರಿಕ್ ಮಾಡುವುದು. ಡೇಟಾ ಸ್ಪೈಕ್ ಅನ್ನುವ ದಾಳಿಯಿಂದ ಹೊಡೆದು ಹೊಡೆದು ಸಾಧನವನ್ನು ಸುಟ್ಟುಹಾಕಬಹುದು, ಅದಕ್ಕೆ ಮಾರ್ಕ್ ಕೂಡ ಬೇಡ. ಹೊಸ ಆಟಗಾರರು ಮೊದಲು ಕೈಹಾಕುವುದೇ ಇದಕ್ಕೆ. ಪುಸ್ತಕ ಇಲ್ಲಿ ಚೆನ್ನಾಗಿ ತಮಾಷೆ ಮಾಡಿದೆ. ಸುಟ್ಟ ಸಾಧನದ ವಿದ್ಯುತ್ ಭಾಗ ಮಾತ್ರ ಸಾಯುತ್ತದೆ. ಕತ್ತಿ ಇನ್ನೂ ಹರಿತವೇ. ಬೀಗ ಹಾಕಿದ ಬಾಗಿಲು ಬೀಗ ಹಾಕಿಕೊಂಡೇ ಇರುತ್ತದೆ. ನಮ್ಮಲ್ಲಿ ಹೊಸದಾಗಿ ಬಂದ ಒಬ್ಬಳು ಆವೇಶದಲ್ಲಿ ಬೀಗವನ್ನು ಸುಟ್ಟು, "ಬಾಗಿಲು ತೆರೀತಾ?" ಅಂತ ಕೇಳಿದಳು. ಇಲ್ಲಮ್ಮ, ಈಗ ಯಾರಿಂದಲೂ ತೆರೆಯಲು ಆಗಲ್ಲ ಅಂದೆ. ಆಮೇಲೆ ನಮ್ಮ ಟ್ರೋಲ್ ಪೈಲ್ವಾನ್ ಭುಜ ಕೊಟ್ಟು ಬಾಗಿಲನ್ನೇ ಕಿತ್ತ. ಇಡೀ ಕಟ್ಟಡ ಎದ್ದು ಕೂತಿತು.

ಓವರ್‌ವಾಚ್ ಸ್ಕೋರ್ ಬಗ್ಗೆ ಹೇಳಲೇಬೇಕು. ಡೆಕ್ಕರ್ ಅಕ್ರಮ ಕೆಲಸ ಮಾಡಿದಾಗಲೆಲ್ಲ ಎದುರಾಳಿಗೆ ಬಿದ್ದ ಹಿಟ್‌ಗಳು ಒಂದು ಗುಟ್ಟಿನ ಖಾತೆಗೆ ಸೇರುತ್ತಾ ಹೋಗುತ್ತವೆ. ಹದಿನೈದು ನಿಮಿಷಕ್ಕೊಮ್ಮೆ ಎರಡು ದಾಳ ಎಸೆದು ಬಂದಷ್ಟನ್ನೂ ಸೇರಿಸಬೇಕು. 40 ಮುಟ್ಟಿತೋ, ಮೇಟ್ರಿಕ್ಸ್‌ನ ಪೊಲೀಸರು ಬಂದು ಎರಗುತ್ತಾರೆ. ಡೆಕ್‌ಗೆ 12 ಪೆಟ್ಟು, ಹಾಕಿದ ಮಾರ್ಕ್‌ಗಳೆಲ್ಲ ಮಾಯ, ಮೇಲಾಗಿ ನೀವು ಎಲ್ಲಿದ್ದೀರಿ ಅನ್ನುವುದೂ ಜಗಜ್ಜಾಹೀರು. ಡೆಕ್ ರೀಬೂಟ್ ಮಾಡಿದರೆ ಲೆಕ್ಕ ಸೊನ್ನೆಗೆ ಬರುತ್ತದೆ, ಮಾರ್ಕ್‌ಗಳೂ ಹೋಗುತ್ತವೆ.

ಮೇಲಿನ ಕ್ಯಾಮೆರಾ ಲೆಕ್ಕವನ್ನು ಇದರ ಜೊತೆ ಸೇರಿಸಿ ನೋಡಿ. ಹದಿನಾಲ್ಕು ದಾಳದ ಎದುರಾಳಿ ನಿಮ್ಮನ್ನು ತಡೆಯುವುದಷ್ಟೇ ಅಲ್ಲ, ಪ್ರತಿ ಸಲ ನಾಲ್ಕೈದು ಅಂಕವನ್ನು ಖಾತೆಗೆ ಹಾಕುತ್ತಾನೆ. ನಾಲ್ಕು ದಾಳದವನು ಹಾಕುವುದು ಒಂದೋ ಎರಡೋ. ಅಂದರೆ ವೈರ್ ಚುಚ್ಚಿದವನಿಗೆ ಗೆಲುವೂ ಸುಲಭ, ಸಮಯವೂ ಜಾಸ್ತಿ. ಎರಡು ಬೇರೆ ಬೇರೆ ನಿಯಮ ಒಂದೇ ಕಡೆ ತಳ್ಳುತ್ತವೆ. ಇಂಥ ಹೊಂದಾಣಿಕೆ ಸಿಕ್ಕಾಗ ನನಗೆ ಪುಸ್ತಕದ ಮೇಲಿನ ಸಿಟ್ಟು ಸ್ವಲ್ಪ ಇಳಿಯುತ್ತದೆ. ಈ ಅಂಕ ಆಟಗಾರರಿಗೆ ಕಾಣಬಾರದು. ನಾನು ಪರದೆಯ ಹಿಂದೆ ಚೀಟಿಯಲ್ಲಿ ಬರೆಯುತ್ತೇನೆ. ಪೆನ್ನು ಓಡಿದ ಸದ್ದಿಗೇ ಗೂಬೆಯ ಮುಖ ಬಿಳಿಚಿಕೊಳ್ಳುತ್ತದೆ.

ಈಗ ಬೈಗುಳ. ವೈರ್‌ಲೆಸ್ ಬೋನಸ್ ಅನ್ನುವುದು ಈ ಆವೃತ್ತಿಯ ಗಂಟಲ ಮುಳ್ಳು. ಎಲ್ಲರೂ ವೈರ್‌ಲೆಸ್ ಆಫ್ ಮಾಡಿಕೊಂಡರೆ ಡೆಕ್ಕರ್‌ಗೆ ಕಾಳಗದಲ್ಲಿ ಕೆಲಸವಿಲ್ಲ. ಅದಕ್ಕೇ ಆನ್ ಇಟ್ಟವರಿಗೆ ಲಾಭ ಕೊಟ್ಟಿದ್ದಾರೆ. ಸ್ಮಾರ್ಟ್‌ಗನ್ ಆನ್ ಇದ್ದರೆ, ಕಣ್ಣೊಳಗೆ ಕೂರಿಸಿದ ಲಿಂಕ್ ಇರುವವರಿಗೆ ಎರಡು ದಾಳ ಜಾಸ್ತಿ. ಇದು ಸರಿ, ಗಾಳಿ, ದೂರದ ಲೆಕ್ಕ ನೆಟ್‌ನಿಂದ ಬರುತ್ತದೆ ಅಂದುಕೊಳ್ಳೋಣ. ಆದರೆ ಚುರುಕು ಹೆಚ್ಚಿಸಲು ಮೈಯೊಳಗೆ ಕೂರಿಸಿದ ವೈರ್ಡ್ ರಿಫ್ಲೆಕ್ಸಸ್ ಮತ್ತು ರಿಯಾಕ್ಷನ್ ಎನ್‌ಹ್ಯಾನ್ಸರ್ ಎರಡೂ ಒಟ್ಟಿಗೆ ಲಾಭ ಕೊಡಬೇಕಾದರೂ ವೈರ್‌ಲೆಸ್ ಆನ್ ಇರಬೇಕಂತೆ! ಒಂದೇ ಬೆನ್ನಿನ ಎರಡು ತಂತಿಗಳು ಮಾತಾಡಿಕೊಳ್ಳಲು ಊರಿನ ನೆಟ್‌ವರ್ಕ್ ಯಾಕೆ? ನಮ್ಮ ಗುಂಪಿನಲ್ಲಿರುವವರೆಲ್ಲ ನೆಟ್‌ವರ್ಕ್ ಕೆಲಸದವರೇ. ಈ ಸಾಲು ಬಂದಾಗ ಆಟ ನಿಂತು ಚರ್ಚೆ ಶುರುವಾಗುತ್ತದೆ. ಕಾರಣ ಆಟದ ಸಮತೋಲನ ಅಂತ ಗೊತ್ತು, ಆದರೂ ನಂಬಿಸುವ ಕಥೆಯೊಂದನ್ನು ಹೇಳಬಹುದಿತ್ತು. ನಾನು ಮೈಯೊಳಗಿನ ಸಾಧನಗಳಿಗೆ ಈ ನಿಯಮ ಬಿಟ್ಟುಬಿಟ್ಟಿದ್ದೇನೆ, ಬಂದೂಕು, ಗಾಡಿಗಳಿಗೆ ಉಳಿಸಿಕೊಂಡಿದ್ದೇನೆ. ಡೆಕ್ಕರ್‌ಗೆ ಕಾಳಗದಲ್ಲಿ ಕೆಲಸ ಸಾಕಷ್ಟು ಉಳಿಯುತ್ತದೆ.

ಎರಡನೆಯ ದೂರು ಪುಸ್ತಕದ ಜೋಡಣೆ. ಒಂದು ಬೀಗ ತೆರೆಯಲು ಮಾರ್ಕ್ ಒಂದು ಕಡೆ, ನಾಯ್ಸ್ ಪಟ್ಟಿ ಇನ್ನೊಂದು ಕಡೆ, ಸ್ಲೇವ್ ನಿಯಮ ಮತ್ತೊಂದು ಕಡೆ, ಬೀಗದ ರೇಟಿಂಗ್ ಸಾಮಾನು ಸರಂಜಾಮಿನ ಅಧ್ಯಾಯದಲ್ಲಿ. ಮಾಲೀಕ ಹತ್ತಿರ ಇಲ್ಲದ ಸಾಧನಕ್ಕೆ ದಾಳಿ ತಡೆಯುವಾಗ ಬೇಕಾದ ಬುದ್ಧಿಯ ಅಂಕ ಎಲ್ಲಿಂದ ಬರುತ್ತದೆ ಅನ್ನುವುದು ಎಲ್ಲರಿಗೂ ಬರುವ ಪ್ರಶ್ನೆ. ಉತ್ತರ ಸರಳ, ಡಿವೈಸ್ ರೇಟಿಂಗೇ ಬುದ್ಧಿ. ಅದನ್ನು ಹುಡುಕುವುದರಲ್ಲಿ ಚಹಾ ಆರಿಹೋಗುತ್ತದೆ.

ಹೋಲಿಕೆಗೆ 2020ರ ಸೈಬರ್‌ಪಂಕ್ ರೆಡ್ ನೋಡಿ. ಅಲ್ಲಿ ನೆಟ್‌ರನ್ನರ್ (ಆ ಆಟದ ಹ್ಯಾಕರ್) ಆಕ್ಸೆಸ್ ಪಾಯಿಂಟ್‌ನಿಂದ ಆರು ಮೀಟರ್ ಒಳಗೇ ಇರಬೇಕು. ಒಳಗಿನ ನೆಟ್‌ವರ್ಕ್ ಲಿಫ್ಟ್ ಥರ, ಒಂದೊಂದೇ ಮಹಡಿ ಇಳಿಯುತ್ತಾ ಹೋಗುವುದು. ಪಾಸ್‌ವರ್ಡ್, ಫೈಲ್, ಕ್ಯಾಮೆರಾ ನಡೆಸುವ ಕಂಟ್ರೋಲ್ ನೋಡ್, ನಡುವೆ ಕಾಯುವ ಬ್ಲ್ಯಾಕ್ ಐಸ್ ಅನ್ನುವ ಕಾವಲು ಪ್ರೋಗ್ರಾಂಗಳು. ಹೊಸಬರಿಗೆ ಬೇಗ ಹತ್ತುತ್ತದೆ. ಯಾವ ಸಾಧನ ಯಾರ ಕೈಕೆಳಗೆ ಅನ್ನುವ ಜಗಳವೇ ಇಲ್ಲ. ನನಗೆ ಮಾತ್ರ ಸ್ವಲ್ಪ ಸಪ್ಪೆ ಅನ್ನಿಸಿತು. ಗೋಡೆಯ ಕ್ಯಾಮೆರಾ ಹಿಡಿದು ಇಡೀ ಕಟ್ಟಡ ನುಂಗುವ ಆ ಖುಷಿ ಅಲ್ಲಿ ಸಿಗುವುದಿಲ್ಲ. 2019ರ ಶ್ಯಾಡೋರನ್ ಆರನೇ ಆವೃತ್ತಿ ಮಾರ್ಕ್ ತೆಗೆದು ಯೂಸರ್, ಅಡ್ಮಿನ್ ಅನ್ನುವ ಹಂತಗಳನ್ನು ತಂದಿದೆ. ಓದಲು ಸಲೀಸು. ಆದರೂ ನಮ್ಮ ಗುಂಪು ಐದರಲ್ಲೇ ಇದೆ.

ತೆಗೆದುಕೊಳ್ಳುವುದಾದರೆ ಪಿಡಿಎಫ್ ತೆಗೆದುಕೊಳ್ಳಿ. ಹುಡುಕುವ ಸೌಲಭ್ಯ ಇಲ್ಲದೆ ಈ ಅಧ್ಯಾಯದ ಜೊತೆ ಬಾಳುವುದು ಕಷ್ಟ. ಆಟ ಶುರು ಮಾಡುವ ಮುಂಚೆ ಜಿಎಂ ಆದವರು ಒಂದು ಹಾಳೆಯಲ್ಲಿ ಕಟ್ಟಡದ ಚಿತ್ರ ಬರೆದು, ಯಾವುದು ಯಾವುದರ ಸ್ಲೇವ್ ಅಂತ ಗೆರೆ ಎಳೆದಿಟ್ಟುಕೊಳ್ಳಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಡೆಕ್ಕರ್ ಆಗಲು ಹೊರಟವರು ಬೆಲೆ ನೋಡಿ ಹೆದರಬೇಡಿ. ಎಲ್ಲಕ್ಕಿಂತ ಅಗ್ಗದ ಡೆಕ್ ಎರಿಕಾ ಎಂಸಿಡಿ-1, 49,500 ನುಯೆನ್ (ಆಟದೊಳಗಿನ ದುಡ್ಡು). ತುದಿಯಲ್ಲಿರುವ ಫೇರ್‌ಲೈಟ್ ಎಕ್ಸ್‌ಕ್ಯಾಲಿಬರ್ 8,23,250. ವೈರ್ ಚುಚ್ಚುವ ಧೈರ್ಯ ಇದ್ದರೆ ಮೊದಲ ಕೆಲವು ಕಥೆಗಳಿಗೆ ಅಗ್ಗದ್ದೇ ಸಾಕು. ಕಾಮ್‌ಲಿಂಕ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. 8,000 ಕೊಟ್ಟರೆ ರೇಟಿಂಗ್ 7ರ ಫೇರ್‌ಲೈಟ್ ಕ್ಯಾಲಿಬಾನ್ ಬರುತ್ತದೆ, 21 ಸಾಧನಗಳನ್ನು ಅದರ ನೆರಳಿನಲ್ಲಿ ಇಡಬಹುದು. ನಮ್ಮ ಪೈಲ್ವಾನ್ ಇನ್ನೂ 100 ನುಯೆನ್‌ನ ಮೆಟಾ ಲಿಂಕ್ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಾನೆ. ಮುಂದಿನ ಕಥೆಯಲ್ಲಿ ಶತ್ರು ಕಡೆಯಿಂದಲೂ ಒಬ್ಬ ಡೆಕ್ಕರ್ ಬರುತ್ತಿದ್ದಾನೆ. ಪೈಲ್ವಾನ್‌ಗೆ ಇನ್ನೂ ಹೇಳಿಲ್ಲ.